ಬಾಹುಪೇಶಿಗಳಲ್ಲಿ ಅನ್ಯೋನ್ಯನಿಗ್ರಹ

ವೈಶೇಷಿಕ ದರ್ಶನದಲ್ಲಿ ಕರ್ಮವು ಐದು ವಿಧವೆಂದು ಹೇಳಿದೆ. ಅವುಗಳಲ್ಲಿ ಆಕುಂಚನ, ಪ್ರಸಾರಣ ಎಂಬೆರಡಕ್ಕೆ ಮನುಷ್ಯನ ತೋಳೇ ಸುಲಭವಾದ ದೃಷ್ಟಾಂತ. ಮೊಳಕೈಯನ್ನು ಮಡಿಸುವ ಪೇಶಿಯು ತೋಳಿನ ಮುಂಭಾಗದಲ್ಲಿಯೂ, ಅದನ್ನು ನೀಡುವ ಪೇಶಿಯು ಹಿಂಭಾಗದಲ್ಲಿಯೂ ಇರುವುವು. ಕೈಯನ್ನು ಮಡಿಸುವಾಗ ಮುಂದಿನದು ಬಿಗಿದು ಹಿಂದಿನದು ಸಡಿಲುವುದು. ಈ ಸಡಿಲಿಕೆಯು ಕೇವಲ ಕ್ರಿಯೆಯ ಅಭಾವವೋ, ಅಥವಾ ಮತ್ತೊಂದು ಕ್ರಿಯೆಯ ಫಲವೋ ಎಂಬುದು ವಿಚಾರಣೀಯವಾದ ವಿಷಯ.

ಎರಡನೆಯ ಪಕ್ಷವನ್ನು ಸ್ಥಾಪಿಸಿದವನು ಆಂಗ್ಲ ಶರೀರಶಾಸ್ತ್ರಜ್ಞನಾದ ಚಾರ್ಲ್ಸ್ ಷೆರಿಂಗ್ಟನ್. ಒಂದು ಪೇಶಿಗೆ ಪ್ರೇರಣೆಯುಂಟಾದಾಗ ಅದರ ಎದುರುಪೇಶಿಯ ನರಕೋಶಗಳಿಗೆ ನಿಗ್ರಹವುಂಟಾಗುವುದೆಂದು ಆತನು ಪ್ರಾಣಿಗಳಲ್ಲಿ ಪ್ರಯೋಗಗಳನ್ನು ನಡೆಸಿ ಕಂಡು, 1906ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. 1932ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಇದರ ಕ್ರಮವು ಹೀಗಿದೆ. ಪೇಶಿಯೊಳಗೆ ಅದರ ನೀಳವನ್ನು ಅರಿಯುವ, ಕದಿರಿನ ಆಕಾರದ ಸೂಕ್ಷ್ಮೇಂದ್ರಿಯಗಳುಂಟು. ಪೇಶಿಯು ಥಟ್ಟನೆ ಎಳೆಯಲ್ಪಟ್ಟರೆ ಅವುಗಳಿಂದ ಹೊರಟ ಸಂದೇಶವು ಬೆನ್ನುಹುರಿಯನ್ನು ಸೇರಿ ಕವಲೊಡೆಯುವುದು. ಒಂದು ಕವಲು ಅದೇ ಪೇಶಿಯ ಚಾಲಕ ನರಕೋಶವನ್ನು ನೇರವಾಗಿ ಪ್ರೇರಿಸುವುದು. ಇನ್ನೊಂದು ಕವಲು ನಡುವಿನ ಒಂದು ನರಕೋಶವನ್ನು ಎಚ್ಚರಿಸಲು, ಅದು ಗ್ಲೈಸೀನ್ ಎಂಬ ದ್ರವ್ಯವನ್ನು ಸ್ರವಿಸಿ ಎದುರುಪೇಶಿಯ ನರಕೋಶವನ್ನು ತಡೆಯುವುದು. ಇದಕ್ಕೆ ಮಿದುಳಿನ ಅಪ್ಪಣೆಯು ಬೇಕಾಗಿಲ್ಲ. ಆದರೂ ತುಂಬಿದ ಕೊಡವನ್ನು ಅಲುಗದಂತೆ ಹಿಡಿಯಬೇಕಾದಾಗ ಮಿದುಳು ಈ ನಿಗ್ರಹವನ್ನೇ ನಿಗ್ರಹಿಸಿ ಎರಡು ಪೇಶಿಗಳನ್ನೂ ಒಟ್ಟಿಗೆ ಬಿಗಿಯಬಲ್ಲುದು.

ನಿಗ್ರಹವು ತಪ್ಪಿದರೆ ಏನಾಗುವುದೆಂಬುದಕ್ಕೆ ಧನುರ್ವಾಯುವೇ ನಿದರ್ಶನ. ಸುಶ್ರುತಸಂಹಿತೆಯಲ್ಲಿ ಧನುಃಸ್ತಂಭವೆಂಬ ಹೆಸರಿನಿಂದ ಹೇಳಿರುವ, ದೇಹವು ಬಿಲ್ಲಿನಂತೆ ಬಾಗುವ ಲಕ್ಷಣವನ್ನು ಈ ರೋಗದಲ್ಲಿ ಕಾಣಬಹುದು. ಇದರ ವಿಷವು ಗ್ಲೈಸೀನಿನ ಸ್ರಾವವನ್ನು ತಡೆಯುವುದು. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನೀನ್ ವಿಷವಾದರೋ ಸ್ರವಿಸಿದ ಗ್ಲೈಸೀನು ತನ್ನ ಕೆಲಸವನ್ನು ಮಾಡಗೊಡದು. ಎರಡು ಕಡೆಯೂ ಫಲವೊಂದೇ: ಎದುರುಬದುರಿನ ಪೇಶಿಗಳು ಏಕಕಾಲದಲ್ಲಿ ಸೆಟೆಯುವುವು.

ಮನುಷ್ಯನ ಮುಂಗೈಯಲ್ಲಿ ಇದನ್ನು ಅಳೆದು ತೋರಿಸಿದ ಡೇ, ಮಾರ್ಸ್‌ಡನ್ ಮೊದಲಾದವರ ಲೇಖನವು 1984ರಲ್ಲಿ ಪ್ರಕಟವಾಯಿತು. ಮಣಿಕಟ್ಟನ್ನು ಮಡಿಸುವ ಪೇಶಿಯ ನರಕ್ಕೆ ಅಲ್ಪ ವಿದ್ಯುತ್ತನ್ನು ಕೊಟ್ಟು ಬೆನ್ನುಹುರಿಯ ಪ್ರತಿಕ್ರಿಯೆಯನ್ನು ಗುರುತಿಸಿಕೊಳ್ಳುವರು. ಬಳಿಕ, ನೀಡುವ ಪೇಶಿಗಳ ನರವನ್ನೂ ತಕ್ಕ ಸಮಯದಲ್ಲಿ ಕೆರಳಿಸಿದರೆ ಮೊದಲಿನ ಪ್ರತಿಕ್ರಿಯೆಯು ಕುಗ್ಗುವುದು. ಲೇಖನಿಯನ್ನು ಹಿಡಿದೊಡನೆ ಕೈ ಸೆಡೆತುಕೊಳ್ಳುವ ಬರಹಗಾರರ ರೋಗದಲ್ಲಿ ಈ ಕುಗ್ಗುವಿಕೆಯು ಕಡಮೆಯಾಗಿರುವುದೆಂದು 1989ರ ಸಂಶೋಧನೆಯೊಂದು ತಿಳಿಸಿತು. ರೋಗಕ್ಕೆ ಇದೊಂದೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೆ ಅಕ್ಷರವನ್ನು ತಿದ್ದುವ ಕೈಗೆ ಬಿಗಿಯುವ ಶಕ್ತಿಯಷ್ಟೇ ಬಿಡಿಸುವ ಶಕ್ತಿಯೂ ಆವಶ್ಯಕವೆಂಬುದು ಸ್ಪಷ್ಟ.

ಆದುದರಿಂದ ಪೇಶಿಯ ಸಡಿಲಿಕೆಯನ್ನು ಕ್ರಿಯೆಯ ಅಭಾವವೆಂದು ಎಣಿಸುವುದು ಯುಕ್ತವಲ್ಲ. ಅದನ್ನುಂಟುಮಾಡುವ ನಿಗ್ರಹಕ್ಕೆ ಬೇರೆ ನರಕೋಶವುಂಟು, ಬೇರೆ ದ್ರವ್ಯವುಂಟು. ಅದು ಕೆಟ್ಟರೆ ಬರುವ ಬೇರೆ ರೋಗಗಳೂ ಉಂಟು.