ದುಡ್ಡು ಕೊಟ್ಟಿದ್ದು ನೀವು, ಕೋಡ್ ಯಾರದ್ದು?

ಹಗಲು ಆಫೀಸು, ರಾತ್ರಿ ಸ್ಟಾರ್ಟಪ್ ಕನಸು. ಬೆಂಗಳೂರಿನಲ್ಲಿ ಇಂಥವರಿಗೇನು ಬರ? ಐಡಿಯಾ ಇದೆ, ಉಳಿಸಿಟ್ಟ ಒಂದಿಷ್ಟು ದುಡ್ಡೂ ಇದೆ. ಆದ್ರೆ ಕೋಡ್ ಬರೆಯೋಕೆ ಬರಲ್ಲ, ಬಂದರೂ ಟೈಮಿಲ್ಲ. ತಿಂಗಳ ಸಂಬಳ ಕೊಟ್ಟು ಇಬ್ಬರು ಡೆವಲಪರ್‌ಗಳನ್ನು ಇಟ್ಟುಕೊಳ್ಳುವಷ್ಟು ಶಕ್ತಿಯೂ ಇಲ್ಲ. ಆಗ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇರುವ ಒಂದು ಏಜೆನ್ಸಿಗೆ, ಇಲ್ಲವೇ ಗೊತ್ತಿರುವ ಫ್ರೀಲಾನ್ಸರ್‌ಗೆ ಕೆಲಸ ಒಪ್ಪಿಸುತ್ತೇವೆ. ಅಮೆರಿಕದವರ ಹೊರಗುತ್ತಿಗೆ ಕೆಲಸ ಮಾಡಿಯೇ ಬೆಳೆದ ಊರು ನಮ್ಮದು, ಈಗ ತನ್ನ ಕೆಲಸವನ್ನೂ ಹೊರಗೆ ಕೊಡ್ತಿದೆ!

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ದಿನಾ ಆಫೀಸಿನಲ್ಲಿ ಬಳಸುವ ಸ್ಲ್ಯಾಕ್ ಇದೆಯಲ್ಲ, 2013ರಲ್ಲಿ ಅದರ ಆರಂಭದ ವಿನ್ಯಾಸ ಮಾಡಿಕೊಟ್ಟಿದ್ದು ಕೆನಡಾದ ಮೆಟಾಲ್ಯಾಬ್ ಎಂಬ ಹೊರಗಿನ ಸಂಸ್ಥೆ.

ತಕರಾರು ಬರೋದು ಬೇರೆ ಕಡೆ. ನಾವೆಲ್ಲ ರೇಟು, ಡೆಡ್‌ಲೈನ್ ಅಂತ ವಾರಗಟ್ಟಲೆ ಚೌಕಾಸಿ ಮಾಡ್ತೀವಿ. ಬರೆದ ಕೋಡಿನ ಮಾಲೀಕರು ಯಾರು ಅಂತ ಮಾತ್ರ ಕೇಳೋದೇ ಇಲ್ಲ. ದುಡ್ಡು ಕೊಟ್ಟವರದ್ದೇ ತಾನೇ? ಕಾನೂನು ಹಾಗೆ ಹೇಳಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಕಥೆ, ಕಾದಂಬರಿಯ ಹಾಗೆ ಸಾಹಿತ್ಯ ಕೃತಿಯೇ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕಂಪನಿಯದ್ದಾಗುತ್ತದೆ. ಆದರೆ ಹೊರಗಿನವರು ಗುತ್ತಿಗೆಯ ಮೇಲೆ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ಬರೆದವರದ್ದೇ. ಅದು ನಿಮಗೆ ಬರಬೇಕಾದರೆ ಬರವಣಿಗೆಯಲ್ಲಿ ಸಹಿ ಹಾಕಿದ ಹಸ್ತಾಂತರ ಬೇಕು. ವಾಟ್ಸಾಪ್‌ನಲ್ಲಿ ‘ಓಕೆ ಸರ್’ ಅಂದದ್ದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಇಲ್ಲೊಂದು ಸಣ್ಣ ಅಕ್ಷರದ ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ, ಹಕ್ಕು ಸಿಕ್ಕಿರೋದು ಬರೀ 5 ವರ್ಷಕ್ಕೆ ಅಂತ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈನಲ್ಲಿ ಗಿರಾಕಿ ಸಿಕ್ಕಾಗ ಇದು ನೆನಪಾದರೆ ಏನು ಪ್ರಯೋಜನ? ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಅಂತ ಮೊದಲೇ ಬರೆಸಿ. ಒಬ್ಬ ವಕೀಲರಿಗೆ ತೋರಿಸಿಯೇ ಸಹಿ ಹಾಕಿ.

ದೊಡ್ಡವರೂ ಈ ಪ್ರಶ್ನೆಗೆ ಸಿಕ್ಕಿಬಿದ್ದಿದ್ದಾರೆ. 2005ರಲ್ಲಿ ಇಬೇ ಕಂಪನಿ ಸುಮಾರು 260 ಕೋಟಿ ಡಾಲರ್ ಕೊಟ್ಟು ಸ್ಕೈಪ್ ಕೊಂಡಿತು. ಆದರೆ ಕರೆಗಳನ್ನು ಜೋಡಿಸುವ ಮೂಲ ತಂತ್ರಜ್ಞಾನ ಸ್ಥಾಪಕರ ಇನ್ನೊಂದು ಕಂಪನಿ ಜೋಲ್ಟಿಡ್ ಹೆಸರಿನಲ್ಲೇ ಉಳಿದಿತ್ತು, ಸ್ಕೈಪ್‌ಗೆ ಇದ್ದದ್ದು ಬಳಸುವ ಲೈಸೆನ್ಸ್ ಅಷ್ಟೇ. 2009ರಲ್ಲಿ ಇಬೇ ಸ್ಕೈಪನ್ನು ಮಾರಲು ಹೊರಟಾಗ ಜಗಳ ಕೋರ್ಟಿನಲ್ಲಿತ್ತು. ಸ್ಥಾಪಕರ ಬಳಗಕ್ಕೆ ಶೇ. 14ರಷ್ಟು ಪಾಲು ಸಿಗುವ ರಾಜಿಯಾದ ಮೇಲೇ ವ್ಯವಹಾರ ಮುಗಿದದ್ದು.

ಕಾಗದದಷ್ಟೇ ಮುಖ್ಯ ಕೀಲಿಕೈ. ಡೊಮೇನ್, ಕ್ಲೌಡ್ ಖಾತೆ, ಗಿಟ್‌ಹಬ್, ಪ್ಲೇ ಸ್ಟೋರ್ ಎಲ್ಲವನ್ನೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ತೆರೆದು ಏಜೆನ್ಸಿಯವರನ್ನು ಒಳಗೆ ಸೇರಿಸಿ. ‘ನಮ್ಮ ಅಕೌಂಟಲ್ಲೇ ಹಾಕ್ಬಿಡ್ತೀವಿ, ಆಮೇಲೆ ಕೊಡ್ತೀವಿ’ ಅನ್ನೋರು ಕೆಟ್ಟವರೇ ಆಗಿರಬೇಕಿಲ್ಲ, ಆದರೆ ಆ ‘ಆಮೇಲೆ’ ಬೇಗ ಬರಲ್ಲ. ಪ್ಲೇ ಸ್ಟೋರ್ ಡೆವಲಪರ್ ಖಾತೆಗೆ ಒಮ್ಮೆ ಕಟ್ಟುವ ಶುಲ್ಕ 25 ಡಾಲರ್ ಅಷ್ಟೇ. ಅಷ್ಟಕ್ಕೆ ಜಿಪುಣತನ ಬೇಡ. ಕೋಡ್ ವಾರ ವಾರ ನಿಮ್ಮ ಗಿಟ್‌ಹಬ್‌ಗೆ ಬಂದು ಬೀಳಲಿ, ಕೊನೇ ದಿನ ಜಿಪ್ ಫೈಲ್ ಬೇಡ.

ಎಲ್ಲ ಕೆಲಸವನ್ನೂ ಹೊರಗೆ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ಲಾಗಿನ್, ಪೇಮೆಂಟ್, ಅಡ್ಮಿನ್ ಪುಟ ಯಾರು ಮಾಡಿದರೂ ನಡೆಯುತ್ತೆ. ಗಿರಾಕಿ ನಿಮ್ಮ ಹತ್ತಿರವೇ ಬರುವುದಕ್ಕೆ ಯಾವುದು ಕಾರಣವೋ ಅದರ ಬಗ್ಗೆ ನಿರ್ಧಾರ ನಿಮ್ಮ ಕೈಲಿರಲಿ. ಗಿರಾಕಿಗಳ ಜೊತೆ ಮಾತಾಡುವ ಕೆಲಸವಂತೂ ಏಜೆನ್ಸಿಗೆ ಬೇಡವೇ ಬೇಡ.

ಹಣವನ್ನು ತಿಂಗಳ ಲೆಕ್ಕದಲ್ಲಲ್ಲ, ಓಡುವ ಭಾಗಗಳ ಲೆಕ್ಕದಲ್ಲಿ ಕೊಡಿ. ಕೊಟೇಶನ್‌ನಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ. ಕೊನೆಯ ಕಂತು ಕೊಡುವ ಮುಂಚೆ, ಈ ಪ್ರಾಜೆಕ್ಟ್ ನೋಡಿಯೇ ಇರದ ಒಬ್ಬ ಸ್ನೇಹಿತನನ್ನು ಕೂರಿಸಿ, ಅವನ ಲ್ಯಾಪ್‌ಟಾಪ್‌ನಲ್ಲಿ ಆ ಕೋಡನ್ನು ಮೊದಲಿನಿಂದ ಓಡಿಸೋಕೆ ಹೇಳಿ. ಅವನಿಂದ ಆಗದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ, ಕಂತು ಕಾಯಲಿ.