ಗೇಟು ಏಳುವ ಮುನ್ನ ಒಂದು ಪರೀಕ್ಷೆ

2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಯೋಜನೆ ಉದ್ಘಾಟನೆಯಾಯಿತು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. ಹರಿಯುವ ನೀರು 10,000 ಕ್ಯುಸೆಕ್, ತೋಯಬೇಕಾದ ನೆಲ 4.5 ಲಕ್ಷ ಹೆಕ್ಟೇರ್, ಕಾದು ಕುಳಿತವರು ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಯವರು. ಈ ಕೆಲಸದ ಜತೆಗೇ ಸ್ಕಾಡಾ ವ್ಯವಸ್ಥೆಯೂ ಬಂತು. ಸುರಪುರ, ಶಹಾಪುರದ ಹೊಲಗಳಿಗೆ ನೀರು ಬಿಡುವ ಗೇಟು ಎಷ್ಟು ಏಳಬೇಕು ಎಂಬುದನ್ನು ಈಗ ದೂರದಲ್ಲಿರುವ ಕಂಪ್ಯೂಟರಿನಿಂದ ಹೇಳಬಹುದು.

ಗೇಟನ್ನು ಮನುಷ್ಯ ಎತ್ತುತ್ತಿದ್ದಾಗ ತಪ್ಪಾದರೆ ಅವನನ್ನೇ ಕೇಳಬಹುದಿತ್ತು. ತಂತ್ರಾಂಶ ಎತ್ತುವಾಗ ಯಾರನ್ನು ಕೇಳುವುದು? ಅದರಲ್ಲಿ ಒಂದು ಸಾಲು ಬದಲಾದರೂ ಹಿಂದಿನ ಲೆಕ್ಕಗಳೆಲ್ಲ ಸರಿಯಾಗಿಯೇ ಇವೆಯೇ ಎಂದು ಮತ್ತೆ ನೋಡಬೇಕು. ಸಾವಿರ ಬಗೆಯ ಸನ್ನಿವೇಶಗಳನ್ನು ಪ್ರತಿಸಲವೂ ಕಣ್ಣಿಂದ ನೋಡುವುದು ಆಗದ ಮಾತು. ನೋಡುವ ಕೆಲಸವನ್ನೂ ತಂತ್ರಾಂಶಕ್ಕೇ ಒಪ್ಪಿಸಬೇಕು. ಹಾಗೆ ಒಪ್ಪಿಸಲು ಬೇಕಾದ ಚೌಕಟ್ಟು ಹುಟ್ಟಿದ ಬಗೆ ನಮ್ಮ ಭಾಗದ ಎಂಜಿನಿಯರಿಂಗ್ ಮಕ್ಕಳಿಗೆ ತಿಳಿದಿರಲೇಬೇಕು.

1994ರಲ್ಲಿ ಅಮೆರಿಕದ ಪ್ರೋಗ್ರಾಮರ್ ಕೆಂಟ್ ಬೆಕ್ ಸ್ಮಾಲ್‌ಟಾಕ್ ಭಾಷೆಗೆಂದು ಒಂದು ಪುಟ್ಟ ಪರೀಕ್ಷಾ ಚೌಕಟ್ಟನ್ನು ಪ್ರಕಟಿಸಿದರು. ಮುಂದೆ ಅದು ಎಸ್‌ಯುನಿಟ್ ಎಂದು ಹೆಸರಾಯಿತು. 1997ರಲ್ಲಿ ಬೆಕ್ ಮತ್ತು ಇನ್ನೊಬ್ಬ ಪ್ರೋಗ್ರಾಮರ್ ಎರಿಕ್ ಗಾಮಾ ಒಂದು ಸಮ್ಮೇಳನಕ್ಕಾಗಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುತ್ತಿದ್ದ ವಿಮಾನದಲ್ಲೇ ಜತೆಗೆ ಕುಳಿತು ಜಾವಾ ಭಾಷೆಗೆ ಜೆಯುನಿಟ್ ಬರೆದರು. ಇಂದು ಬಳಕೆಯಲ್ಲಿರುವ ಹತ್ತಾರು ಭಾಷೆಗಳ ಪರೀಕ್ಷಾ ಚೌಕಟ್ಟುಗಳು ಈ ಕುಟುಂಬದವೇ.

ಒಂದು ವಿಮಾನಯಾನದಲ್ಲಿ ಬರೆದು ಮುಗಿಸುವಷ್ಟು ಚಿಕ್ಕದು ಇಂಥ ಚೌಕಟ್ಟಿನ ತಿರುಳು. ಆದರೆ ಅದನ್ನು ಕಟ್ಟುವಾಗ ಶುರುವಿಗೇ ಒಂದು ತೊಡಕು ಎದುರಾಗುತ್ತದೆ: ಪರೀಕ್ಷೆ ಮಾಡುವ ಸಾಧನವೇ ಇನ್ನೂ ಇಲ್ಲದಿರುವಾಗ ಆ ಸಾಧನವನ್ನು ಪರೀಕ್ಷಿಸುವುದು ಹೇಗೆ? ಪರೀಕ್ಷೆಯನ್ನು ಮೊದಲು ಬರೆದು ಆಮೇಲೆ ಕೋಡ್ ಬರೆಯುವ ವಿಧಾನದ ಬಗ್ಗೆ ಬೆಕ್ 2002ರಲ್ಲಿ ತಂದ ಪುಸ್ತಕದ ಎರಡನೇ ಭಾಗ ಈ ಪ್ರಶ್ನೆಗೇ ಮೀಸಲು. ಅಲ್ಲಿ ಅವರು ಪೈಥಾನ್‌ನಲ್ಲಿ ಚೌಕಟ್ಟನ್ನು ಸೊನ್ನೆಯಿಂದ ಕಟ್ಟುತ್ತಾರೆ. ಮೊದಲ ಹೆಜ್ಜೆ ತೀರಾ ಸಣ್ಣದು. ಒಂದು ಪರೀಕ್ಷೆ ಓಡಿತೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು. ಅದನ್ನೂ ಪರದೆಯ ಮೇಲೆ ಮುದ್ರಿಸಿ ಕಣ್ಣಿಂದಲೇ ನೋಡುತ್ತಾರೆ. ಆ ಒಂದು ಸಂಗತಿ ಗಟ್ಟಿಯಾದ ಮೇಲೆ ಮುದ್ರಣ ತೆಗೆದು, ಅದರ ಜಾಗದಲ್ಲಿ ‘ಹೀಗೇ ಇರಬೇಕು, ಇಲ್ಲದಿದ್ದರೆ ನಿಲ್ಲು’ ಎನ್ನುವ ಸಾಲು ಇಡುತ್ತಾರೆ. ಅಲ್ಲಿಂದ ಮುಂದೆ ಚೌಕಟ್ಟು ತನ್ನ ಹೊಸ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತ ಬೆಳೆಯುತ್ತದೆ. ಗಣಕ ವಿಜ್ಞಾನದಲ್ಲಿ ಇಷ್ಟು ಚೊಕ್ಕವಾದ ಕಟ್ಟಡ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಬರುವುದು ಸೆಟಪ್ ಮತ್ತು ಟಿಯರ್‌ಡೌನ್. ಯಾದಗಿರಿ ಎಪಿಎಂಸಿಯಲ್ಲಿ ಶೇಂಗಾ ಚೀಲ ಇಡುವ ಮುನ್ನ ಬರಿ ತಕ್ಕಡಿ ಸೊನ್ನೆಗೆ ನಿಂತಿದೆಯೇ ಎಂದು ರೈತ ನೋಡುತ್ತಾನಲ್ಲ, ಸೆಟಪ್‌ನ ಕೆಲಸವೂ ಅದೇ. ಹಿಂದಿನ ಪರೀಕ್ಷೆ ಗೇಟನ್ನು ಅರ್ಧ ತೆರೆದು ಬಿಟ್ಟಿದ್ದರೆ, ಗೇಟು ಮುಚ್ಚಿದೆ ಎಂದುಕೊಂಡ ಮುಂದಿನ ಪರೀಕ್ಷೆಯ ಉತ್ತರಕ್ಕೆ ಬೆಲೆಯಿಲ್ಲ. ಆದ್ದರಿಂದ ಪ್ರತಿ ಪರೀಕ್ಷೆಗೂ ಹೊಸ ಸ್ಥಿತಿ ಸಿದ್ಧವಾಗಬೇಕು, ಮುಗಿದ ಮೇಲೆ ಎಲ್ಲವೂ ತೆರವಾಗಬೇಕು.

ಮುಂದಿನದು ಫಲಿತಾಂಶದ ಲೆಕ್ಕ: ಎಷ್ಟು ಓಡಿದವು, ಎಷ್ಟು ಸೋತವು. ಒಂದು ಪರೀಕ್ಷೆ ಸೋತರೂ ಉಳಿದವು ಓಡಲೇಬೇಕು. ಜೆಯುನಿಟ್ ಸೋಲಿನಲ್ಲೂ ಎರಡು ಬಗೆ ಮಾಡಿತು. 40 ಕ್ಯುಸೆಕ್ ಬರಬೇಕಾದಲ್ಲಿ 35 ಬಂದರೆ ಅದು ನಾವು ಕಾದು ನೋಡುತ್ತಿದ್ದ ವೈಫಲ್ಯ. ಮಟ್ಟ ಅಳೆಯುವ ಸೆನ್ಸರಿನಿಂದ ಸುದ್ದಿಯೇ ಬಾರದೆ ಪ್ರೋಗ್ರಾಂ ಕುಸಿದುಬಿದ್ದರೆ ಅದು ಯಾರೂ ಎಣಿಸದ ದೋಷ. ದುರಸ್ತಿಗೆ ಹೊರಟವನಿಗೆ ಎರಡರ ದಾರಿಯೂ ಬೇರೆ. ಕೊನೆಗೆ ಎಲ್ಲ ಪರೀಕ್ಷೆಗಳನ್ನೂ ಕಟ್ಟುಕಟ್ಟಿ ಒಟ್ಟಿಗೆ ಓಡಿಸುವ ಸೂಟ್. ತಿರುಳು ಇಲ್ಲಿಗೆ ಮುಗಿಯಿತು.

ಬೆಳೆ ನಿಂತಿರುವಾಗ ನಿಜವಾದ ಗೇಟಿನ ಮೇಲೆ ಪ್ರಯೋಗ ಮಾಡುವಂತಿಲ್ಲ. ಅದಕ್ಕೂ ಉಪಾಯ ಬಂತು. 2000ದಲ್ಲಿ ಲಂಡನ್ನಿನ ಮೂವರು ಪ್ರೋಗ್ರಾಮರುಗಳು ‘ಮಾಕ್ ಆಬ್ಜೆಕ್ಟ್’ ಕುರಿತು ಪ್ರಬಂಧ ಮಂಡಿಸಿದರು. ಗೇಟಿನಂತೆ ಉತ್ತರ ಕೊಡುವ ನಕಲಿ ಗೇಟನ್ನು ಕಂಪ್ಯೂಟರಿನೊಳಗೇ ನಿಲ್ಲಿಸಿದರೆ ಪ್ರವಾಹ, ಕಸ ಸಿಕ್ಕಿದ್ದು, ಕರೆಂಟು ಹೋಗಿದ್ದು ಎಲ್ಲವನ್ನೂ ಒಂದು ಹನಿ ನೀರು ಖರ್ಚಾಗದೆ ಆಡಿಸಿ ನೋಡಬಹುದು.

ಇಂಥ ಪರೀಕ್ಷೆಯ ಉಪಕರಣಗಳು ನಮಗೆ ದೂರದವೇನಲ್ಲ. ವೆಬ್ ಪುಟಗಳನ್ನು ಪರೀಕ್ಷಿಸುವ ಸೆಲೆನಿಯಂ ಎಂಬ ಉಪಕರಣ 2004ರಲ್ಲಿ ಷಿಕಾಗೋದಲ್ಲಿ ಹುಟ್ಟಿತು. ಅದರ ಅಂತರರಾಷ್ಟ್ರೀಯ ಸಮ್ಮೇಳನ 2014, 2016, 2018ರಲ್ಲಿ ಬೆಂಗಳೂರಿಗೇ ಬಂತು. ನಮ್ಮ ಹುಡುಗ ಹುಡುಗಿಯರು ಟೆಸ್ಟಿಂಗ್ ಕೋರ್ಸಿಗೆ ಬಸ್ಸು ಹತ್ತುವುದೂ ಬೆಂಗಳೂರಿಗೇ. ಉಪಕರಣ ಬಳಸಲು ಕಲಿಯುತ್ತಾರೆ, ಒಳ್ಳೆಯದೇ. ಆದರೆ ಒಳಗಿನ ತಿರುಳನ್ನು ಒಮ್ಮೆ ತಾವೇ ಕಟ್ಟಿ ನೋಡಿದವರಿಗೆ ಮಾತ್ರ, ಎಲ್ಲ ಪರೀಕ್ಷೆಗಳೂ ಗೆದ್ದಾಗ ಪರದೆಯಲ್ಲಿ ಮೂಡುವ ಹಸಿರು ಗುರುತು ಯಾವಾಗ ಸುಳ್ಳು ಹೇಳುತ್ತದೆ ಎಂದು ತಿಳಿಯುತ್ತದೆ. ಪರೀಕ್ಷೆಗಳೆಲ್ಲ ಗೆದ್ದಿವೆ ಎಂದರೆ ನಾವು ಕೇಳಿದ ಪ್ರಶ್ನೆಗಳಿಗೆ ಸರಿಯುತ್ತರ ಬಂತು ಎಂದಷ್ಟೇ ಅರ್ಥ. ಕಾಲುವೆಯ ಕೊನೆಯಂಚಿನ ರೈತನ ಪ್ರಶ್ನೆಯನ್ನು ಯಾರೂ ಬರೆದಿರದಿದ್ದರೆ ಅವನ ಹೊಲ ಒಣಗುತ್ತಿರುವಾಗಲೂ ಪರದೆ ಹಸಿರಾಗಿಯೇ ಇರುತ್ತದೆ.

ಸುರಪುರದ ಪಾಲಿಟೆಕ್ನಿಕ್‌ನಿಂದ ಹಿಡಿದು ಜಿಲ್ಲೆಯಲ್ಲಿ ಕಂಪ್ಯೂಟರ್ ಕಲಿಸುವ ಎಲ್ಲ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟಿಗೆ ಇದನ್ನೇ ಕೊಡಿ: ನೂರಿನ್ನೂರು ಸಾಲಿನಲ್ಲಿ ಒಂದು ಪರೀಕ್ಷಾ ಚೌಕಟ್ಟು, ಒಂದು ನಕಲಿ ಗೇಟು, ಶಹಾಪುರ ಶಾಖಾ ಕಾಲುವೆಯ ಕೊನೆಯ ಹಳ್ಳಿಗೆ ಹೋಗಿ ರೈತರಿಂದ ಕೇಳಿ ಬರೆದುಕೊಂಡು ಬಂದ ಹತ್ತು ಪ್ರಶ್ನೆಗಳು.