ಹೆಲ್ಮೆಟ್ಟಿನ ಆಯಸ್ಸು ಒಂದೇ ಏಟು

ನಿಮ್ಮ ಹೆಲ್ಮೆಟ್ ತಗೊಂಡು ಎಷ್ಟು ವರ್ಷ ಆಯ್ತು? ಬೈಕಿನ ಸರ್ವೀಸ್ ಯಾವಾಗ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಹಿಂದಿನ ಟೈರ್ ಎಷ್ಟು ಸವೆದಿದೆ, ಇದೆಲ್ಲ ನಮಗೆ ಬಾಯಲ್ಲೇ ಇರುತ್ತೆ. ಹೆಲ್ಮೆಟ್ ಬಗ್ಗೆ ಕೇಳಿದರೆ ಮಾತ್ರ ಒಂದೇ ಉತ್ತರ: "ಗಾಡಿ ಜೊತೆ ಬಂದಿದ್ದು." ಗಾಡಿ ಬಂದಿದ್ದು ಯಾವಾಗ? "ಎಂಟು ವರ್ಷ ಆಯ್ತು ಸಾರ್."

ಪೊಲೀಸರು ನೋಡುವುದು ತಲೆ ಮೇಲೆ ಹೆಲ್ಮೆಟ್ ಇದೆಯಾ ಅಂತ. ಜಾಸ್ತಿ ಅಂದರೆ ಐಎಸ್‌ಐ ಗುರುತು ನೋಡಬಹುದು. ಆ ಗುರುತಿಲ್ಲದ ಹೆಲ್ಮೆಟ್ ಮಾರುವುದಕ್ಕೇ 2021ರ ಜೂನ್ 1ರಿಂದ ನಿಷೇಧವಿದೆ, ಫುಟ್‌ಪಾತ್ ಮೇಲಿನ ವ್ಯಾಪಾರ ನೋಡಿದರೆ ಹಾಗನ್ನಿಸುವುದಿಲ್ಲ, ಆ ಮಾತು ಬೇರೆ. ಆದರೆ ನಿಮ್ಮ ಹೆಲ್ಮೆಟ್ಟಿನೊಳಗೆ ಇನ್ನೂ ಜೀವ ಇದೆಯಾ ಅಂತ ಪೊಲೀಸರು ನೋಡೋಕಾಗಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಒಂಚೂರು ಲೆಕ್ಕ ಸಹಿಸಿಕೊಳ್ಳಿ.

ಹೆಲ್ಮೆಟ್ ಅಂದ ತಕ್ಷಣ ನಾವು ಮುಟ್ಟಿ ನೋಡುವುದು ಹೊರಗಿನ ಗಟ್ಟಿ ಚಿಪ್ಪನ್ನು. ಅದು ಏಟನ್ನು ಹರಡುತ್ತೆ, ಮೊನಚಾದದ್ದು ಒಳಗೆ ತೂರದಂತೆ ತಡೆಯುತ್ತೆ. ಆದರೆ ಮಿದುಳನ್ನು ಉಳಿಸುವ ಅಸಲಿ ಕೆಲಸ ಮಾಡುವುದು ಚಿಪ್ಪಿಗೂ ಒಳಗಿನ ಬಟ್ಟೆಗೂ ನಡುವೆ ಕೂತಿರುವ ಥರ್ಮಾಕೋಲ್. ಹೌದು, ಟಿವಿ ಪ್ಯಾಕಿಂಗ್‌ನಲ್ಲಿ ಬರುತ್ತಲ್ಲ, ಅದೇ ಜಾತಿಯದು. ಇನ್ನಷ್ಟು ಬಿಗಿಯಾಗಿ ಒತ್ತಿ ಮಾಡಿರುತ್ತಾರೆ, ಅಷ್ಟೇ.

ಸಿಗ್ನಲ್‌ನಲ್ಲಿ ನಿಂತಿದ್ದ ಗಾಡಿ ವಾಲಿ ನೀವು ಪಕ್ಕಕ್ಕೆ ಬಿದ್ದಿರಿ ಅಂದುಕೊಳ್ಳಿ. ಸ್ಪೀಡೇ ಇಲ್ಲ. ತಲೆ ಒಂದೂವರೆ ಮೀಟರ್ ಎತ್ತರದಿಂದ ನೇರವಾಗಿ ಕೆಳಗೆ ಬಂದರೆ, ರಸ್ತೆಗೆ ಬಡಿಯುವಾಗ ಅದರ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಆ ವೇಗ ಸೊನ್ನೆಯಾಗಬೇಕು. ಎಷ್ಟು ದೂರದೊಳಗೆ ಅನ್ನುವುದೇ ಪ್ರಶ್ನೆ. ಬರೀ ತಲೆ ಡಾಂಬರಿಗೆ ಬಡಿದು ಎರಡೂವರೆ ಮಿಲಿಮೀಟರಿನೊಳಗೆ ನಿಂತರೆ, ಮಿದುಳಿನ ಮೇಲೆ ಗುರುತ್ವದ ಸುಮಾರು 600 ಪಟ್ಟು ಎಳೆತ. ನಡುವೆ ಥರ್ಮಾಕೋಲ್ 25 ಮಿಲಿಮೀಟರ್ ಕುಗ್ಗಿ ಜಾಗ ಕೊಟ್ಟರೆ ಅದು 60 ಪಟ್ಟಿಗೆ ಇಳಿಯುತ್ತೆ. ಇದು ಕಾಗದದ ಮೇಲಿನ ಸರಾಸರಿ ಲೆಕ್ಕ. ಆದರೂ ಸತ್ಯ ಇಷ್ಟೇ: ನಾವು ದುಡ್ಡು ಕೊಟ್ಟು ಕೊಳ್ಳುವುದು ಆ ಎರಡೂವರೆ ಸೆಂಟಿಮೀಟರ್ ಜಾಗವನ್ನು.

ಈಗ ಮುಖ್ಯ ವಿಷಯಕ್ಕೆ ಬನ್ನಿ. ಕುಗ್ಗಿದ ಥರ್ಮಾಕೋಲ್ ವಾಪಸ್ ಉಬ್ಬುವುದಿಲ್ಲ. ಅದರೊಳಗಿನ ಗಾಳಿಗುಳ್ಳೆಗಳು ನಜ್ಜುಗುಜ್ಜಾಗಿ ಏಟನ್ನು ನುಂಗಿಬಿಡುತ್ತವೆ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿರುವುದು. ಸ್ಪ್ರಿಂಗ್ ಥರ ವಾಪಸ್ ಬಂದಿದ್ದರೆ ನಿಮ್ಮ ತಲೆಯನ್ನೂ ವಾಪಸ್ ಎಸೀತಿತ್ತು. ಹೊರಗಿನ ಪ್ಲಾಸ್ಟಿಕ್ ಚಿಪ್ಪು ಮಾತ್ರ ಬಳುಕಿ ಮೊದಲಿನ ಆಕಾರಕ್ಕೆ ಬಂದು ಕೂತಿರುತ್ತೆ. ಹೊರಗಿಂದ ನೋಡಿದರೆ ಒಂದು ಗೀರು, ಅಷ್ಟೇ. "ಏನೂ ಆಗಿಲ್ಲ, ಗಟ್ಟಿ ಹೆಲ್ಮೆಟ್" ಅಂತ ಹೆಮ್ಮೆಯಿಂದ ಮತ್ತೆ ಹಾಕ್ಕೊಳ್ತೀವಿ. ಮುಂದಿನ ಸಲ ಅದೇ ಜಾಗಕ್ಕೆ ಏಟು ಬಿದ್ದರೆ ಕುಗ್ಗೋಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ತಲೆ ಒಳಗಿದ್ದಾಗ ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ, ಗೀರು ಕಾಣಲಿ ಬಿಡಲಿ, ಬದಲಾಯಿಸಿ.

ಹಾಗಾದರೆ ಸೀಟಿನ ಮೇಲಿಂದ ಜಾರಿ ಬಿದ್ದರೆ? ಗಾಬರಿ ಬೇಡ. ಖಾಲಿ ಹೆಲ್ಮೆಟ್ ಬಿದ್ದಾಗ ಒಳಗಿಂದ ಥರ್ಮಾಕೋಲನ್ನು ಒತ್ತುವ ತಲೆಯ ಭಾರ ಇರುವುದಿಲ್ಲ. ಚಿಪ್ಪಿನಲ್ಲಿ ಬಿರುಕಿದೆಯಾ ನೋಡಿ, ಇಲ್ಲದಿದ್ದರೆ ಬಳಸಿ. ದಿನಾ ಬೀಳಿಸುವವರಿಗೆ ಈ ಮಾತು ಅನ್ವಯಿಸಲ್ಲ.

ಏಟೇ ಬೀಳದೆ ನಿಧಾನವಾಗಿ ಸಾಯುವ ಹೆಲ್ಮೆಟ್‌ಗಳೂ ಇವೆ. ಕನ್ನಡಿಗೆ ನೇತುಹಾಕ್ತೀವಲ್ಲ, ಆ ಕಂಬಿ ಒಳಗಿನ ಥರ್ಮಾಕೋಲಿಗೆ ದಿನಾ ಗುಳಿ ತೋಡುತ್ತಿರುತ್ತೆ. ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಹೆಲ್ಮೆಟ್ ಒರೆಸುವವರು ಕೇಳಿ, ಪೆಟ್ರೋಲ್ ತಾಗಿದರೆ ಥರ್ಮಾಕೋಲ್ ಕರಗುತ್ತೆ. ಥಿನ್ನರ್ರೂ ಅಷ್ಟೇ. ಸೋಪಿನ ನೀರು ಸಾಕು. ಬೆವರು, ತಲೆಗೆ ಹಚ್ಚುವ ಎಣ್ಣೆ, ಬಿಸಿಲು ಇವೂ ಸೇರಿ ಒಳಗಿನ ಸ್ಪಂಜು ಸಡಿಲವಾಗುತ್ತೆ. ಸ್ಟ್ರಾಪ್ ಬಿಗಿಯಾಗಿ ಹಾಕಿಕೊಂಡು ಹಿಂಭಾಗ ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ, ಬಿದ್ದಾಗಲೂ ಅದು ತಲೆ ಮೇಲೆ ಇರಲ್ಲ. ಗ್ಲಾಸ್ ಮಾತ್ರ ಗೀಚಿದ್ದರೆ ಗ್ಲಾಸ್ ಮಾತ್ರ ಬದಲಿಸಿ.

ವಯಸ್ಸಿನ ಲೆಕ್ಕಕ್ಕೆ ಬಂದರೆ ಐದು ವರ್ಷ ಅಂತಾರೆ. ಅಮೆರಿಕದಲ್ಲಿ ಪೀಟ್ ಸ್ನೆಲ್ ಅನ್ನುವ ಕಾರ್ ರೇಸರ್ 1956ರಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ತಲೆ ಮೇಲೆ ಹೆಲ್ಮೆಟ್ ಇತ್ತು, ಅದು ಕಾಪಾಡಲಿಲ್ಲ. ಅವನ ಹೆಸರಿನಲ್ಲಿ ಮರುವರ್ಷ ಹುಟ್ಟಿ, ಇವತ್ತಿಗೂ ಹೆಲ್ಮೆಟ್ ಪರೀಕ್ಷೆ ಮಾಡುವ ಸ್ನೆಲ್ ಫೌಂಡೇಶನ್ ಕೊಡುವ ಸಲಹೆ ಇದು. ಐದು ವರ್ಷ ಒಂದು ದಿನಕ್ಕೆ ಹೆಲ್ಮೆಟ್ ಸತ್ತುಹೋಗಲ್ಲ, ಇದು ಒಂದು ಗಡಿಗೆರೆ ಅಷ್ಟೇ. ದಿನಕ್ಕೆ ಹತ್ತು ಗಂಟೆ ಬಿಸಿಲಲ್ಲಿ ಓಡಾಡುವ ಡೆಲಿವರಿ ಹುಡುಗರಿಗೆ ಐದು ವರ್ಷ ತುಂಬಾ ಜಾಸ್ತಿ ಅಂತ ನನ್ನ ಅಭಿಪ್ರಾಯ. ಒಳಗಿನ ಚೀಟಿಯಲ್ಲಿ ತಯಾರಾದ ದಿನಾಂಕ ಹುಡುಕಿ. ಓದಲಾಗದಷ್ಟು ಅಳಿಸಿಹೋಗಿದ್ದರೆ ಅದೇ ಉತ್ತರ.

ನನಗೆ ನಿಜವಾಗಿ ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆಯ್ತು. ನಾವೇನು ಮಾಡಿದ್ವಿ? ಹೊಸ ಹೆಲ್ಮೆಟ್ ಯಜಮಾನರಿಗೆ, ಅವರ ಹಳೇದು ಹಿಂದೆ ಕೂರುವ ಹೆಂಡತಿಗೆ, ಅದಕ್ಕಿಂತ ಹಳೇದು ಮಗಳಿಗೆ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ! ಗಾಡಿ ಬಿದ್ದಾಗ ಹಿಂದೆ ಕೂತವರ ತಲೆಗೆ ರಸ್ತೆ ಏನಾದ್ರೂ ರಿಯಾಯಿತಿ ಕೊಡುತ್ತಾ? ಹಿಡಿದುಕೊಳ್ಳೋಕೆ ಅವರಿಗೆ ಹ್ಯಾಂಡಲ್ಲೂ ಇರಲ್ಲ. ಒಂದೇ ಹೆಲ್ಮೆಟ್‌ಗೆ ದುಡ್ಡಿದ್ದರೆ, ಮನೆಯಲ್ಲಿ ಅತಿ ಹಳೇದು ಯಾರ ತಲೆ ಮೇಲಿದೆಯೋ ಅವರಿಗೆ ಕೊಡಿಸಿ.

ಹಳೇದನ್ನು ಸುಮ್ಮನೆ ಗುಜರಿಗೆ ಹಾಕಬೇಡಿ. ಮೊದಲು ಕತ್ತರಿ ತಗೊಂಡು ಸ್ಟ್ರಾಪ್ ಕತ್ತರಿಸಿ. ಇಲ್ಲದಿದ್ದರೆ ಒರೆಸಿ, ಪಾಲಿಶ್ ಮಾಡಿಸಿಕೊಂಡು ಅದು ಇನ್ಯಾರದೋ ತಲೆಗೆ ಹೋಗಿ ಕೂರುತ್ತೆ.